ಮಗಳು ಮನೆಗೆ ಬಂದ ಸಂಚಿಕೆ

ನೆಗಡಿಯಾಯಿತೆಂದು ಮೊನ್ನೆ ನೀಲಗಿರಿ ಎಣ್ಣೆಯ ಬಾಟಲಿ ಬಿಚ್ಚಿದೆ. ಮುಚ್ಚಳ ತೆಗೆದದ್ದೇ ತಡ, ಸಿಸ್ಟರಮ್ಮ ಬಂದು ಮಗ್ಗುಲಲ್ಲಿ ಕೂತಂತಾಯಿತು. ಅವರ ಕರವಸ್ತ್ರಕ್ಕೆ ಸದಾ ಇದೇ ವಾಸನೆ...

ಬೀದರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆ ಅವರದು. ನರ್ಸ್ ಆಗಿದ್ದು ನಿವೃತ್ತರಾದವರು, ಒಂಟಿ ಜೀವ. ಸಂಜೆ ಏಳೂವರೆಯ ಧಾರಾವಾಹಿಯೆಂದರೆ ಪ್ರಾಣ. ನೌಕರಿಯಲ್ಲಿದ್ದಾಗಲೂ ಅದಕ್ಕಾಗಿ ಬೆಳಗಿನ ಪಾಳಿಯನ್ನೇ ಬೇಡಿ ಪಡೆಯುತ್ತಿದ್ದರಂತೆ. ಅದು ಸರಿ. ಆದರೆ ಮನೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟಿವಿ ಇಟ್ಟುಕೊಂಡು ದಿನಾ ನಮ್ಮ ಮನೆಗೇ ಯಾಕೆ ಬರಬೇಕು?

ನನ್ನದು ಮೊದಲೇ ಅನುಮಾನದ ಬುದ್ಧಿ. ಬಂದವರು ಟಿವಿಗೆ ಎದುರಾಗಿ ಕೂಡುತ್ತಿರಲಿಲ್ಲ. ಅದರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ನನಗೆ ಎದುರಾಗಿ ಕೂಡುತ್ತಿದ್ದರು. ಪರದೆಯತ್ತ ಒಮ್ಮೆ ನೋಡಿದರೆ ನನ್ನ ಮುಖದತ್ತ ಹತ್ತು ಸಲ. ನನಗೋ ಧಾರಾವಾಹಿಯವರ ಜೊತೆ ಜಗಳಾಡುತ್ತ ನೋಡುವ ಚಟ. ಅವರು ಅಂದದ್ದನ್ನೆಲ್ಲ ತಿರುಗಿ ಅಂದು ಬಯ್ಯುತ್ತಿದ್ದೆ. ಅಲ್ಲಿಯ ಅತ್ತೆಯನ್ನು ಬಯ್ಯುವ ನೆಪದಲ್ಲಿ ಔರಾದಿನ ನಮ್ಮತ್ತೆಗೂ ನಾಲ್ಕು ಮಾತು ಸೇರಿಸುತ್ತಿದ್ದೆ. ಅದನ್ನೆಲ್ಲ ಇವರು ಗಂಟು ಕಟ್ಟಿಕೊಂಡು ಹೋಗಿ, ಅತ್ತೆ ಬಂದಾಗ ಅವರ ಮುಂದೆ ಬಿಚ್ಚುವವರೇ ಎಂದು ನನಗೆ ಖಾತ್ರಿಯಾಯಿತು. ಹಿಂದಿನಿಂದ ಕರೆದರೆ ಓ ಎನ್ನದೆ ನಡೆದುಬಿಡುತ್ತಿದ್ದರು. ಸೊಕ್ಕು ಬೇರೆ, ಅಂದುಕೊಂಡೆ.

ಕಾಣೆಯಾದ ಮಗಳು ಎಷ್ಟೋ ವರ್ಷಗಳ ಮೇಲೆ ತಾಯಿಯ ಮನೆಗೆ ಬರುವ ವಿಶೇಷ ಸಂಚಿಕೆ ಒಂದು ಭಾನುವಾರ ಇತ್ತು. ಸಿಸ್ಟರಮ್ಮ ಚರ್ಚಿಗೆ ಉಡುವ ಬಿಳಿ ಸೀರೆ ಉಟ್ಟು, ಭಾಲ್ಕಿಯಿಂದ ಪೇಡೆ ತರಿಸಿಕೊಂಡು, ಅರ್ಧ ತಾಸು ಮೊದಲೇ ಬಂದು ಸ್ಟೂಲಿನ ಮೇಲೆ ಕೂತರು. ಮುಂದಿನ ವಾರ ಅತ್ತೆ ಬರುವವರಿದ್ದರು. ಇವತ್ತು ಏನು ಒಯ್ಯುತ್ತೀಯೋ ಒಯ್ಯಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಸೆರಗಿನ ಚುಂಗನ್ನು ಬಾಯಿಗೆ ಅಡ್ಡ ಹಿಡಿದು ಗಪ್ಪಾಗಿ ಕೂತೆ.

ಬಾಗಿಲಲ್ಲಿ ಮಗಳು ಕಾಣಿಸಿಕೊಂಡಾಗ ಸಿಸ್ಟರಮ್ಮ ಎದ್ದೇ ನಿಂತರು. ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡರು, ನನ್ನ ಸೆರಗು ಸರಿಸಿ ಬಾಯಿಗೆ ಪೇಡೆ ಇಟ್ಟರು. ಮಗಳು ತಾಯಿಗೆ ಒಂದು ಮಾತು ಹೇಳಿದಳು. ತಾಯಿ ಕುಸಿದು ಕೂತು ಅತ್ತಳು. ಸಿಸ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಪೇಡೆ ನುಂಗಿ ಮತ್ತೆ ಸೆರಗು ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದರು.

"ಆ ಪೋರಿ ಅವ್ವಗ ಏನಂದ್ಳು, ಜರಾ ಹೇಳ್ ತಂಗಿ."

ನನ್ನನ್ನು ಕೆಣಕುತ್ತಿದ್ದಾರೆ ಅನ್ನಿಸಿತು. "ನೀವೂ ಇಲ್ಲೇ ಕುಂತಿದ್ರಿ ಅಲ್ರಿ," ಎಂದೆ. ಅವರು ನಕ್ಕು ಹೊರಟುಹೋದರು. ಆಮೇಲೂ ದಿನಾ ಬಂದರು. ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಅತ್ತೆ ಬಂದು ಹದಿನೈದು ದಿನ ಇದ್ದು ಹೋದರು. ಅವರ ಕಿವಿಗೆ ಒಂದು ಚಾಡಿಯೂ ಬಿದ್ದಿರಲಿಲ್ಲ.

ಆ ಚಳಿಗಾಲದಲ್ಲಿ ಸಿಸ್ಟರಮ್ಮ ತೀರಿಕೊಂಡರು... ಮನೆ ಖಾಲಿ ಮಾಡಲು ಭಾಲ್ಕಿಯಿಂದ ಅವರ ತಂಗಿಯ ಮಗಳು ಬಂದಿದ್ದಳು. ನನ್ನ ಕೈ ಹಿಡಿದುಕೊಂಡು ಹೇಳಿದಳು: "ದೊಡ್ಡವ್ವನ ಕಿವಿ ಪೂರಾ ಹೋಗಿ ನಾಕು ವರ್ಷ ಆಗಿತ್ರಿ ಅಕ್ಕ. ಯಾರಿಗೂ ಹೇಳಗೊಡಲಿಲ್ಲ. ಟಿವ್ಯಾಗಿನವ್ರ ತುಟಿ ತಿಳೀವಲ್ದು, ಬಾಜೂಮನಿ ತಂಗಿ ಎಲ್ಲಾ ತಿರುಗಿ ಹೇಳ್ತಾಳ, ಆಕಿ ತುಟಿ ನೋಡಿದ್ರ ಕಥಿ ಪೂರಾ ತಿಳೀತದ ಅಂತಿದ್ಳು."

ಈಗ ಆ ಸ್ಟೂಲಿನ ಮೇಲೆ ನೀರಿನ ಕ್ಯಾನು ಕೂತಿದೆ. ಧಾರಾವಾಹಿ ಮುಗಿದೂ ಎಷ್ಟೋ ಕಾಲವಾಯಿತು. ಆ ಮಗಳು ಹೇಳಿದ್ದೇನೂ ದೊಡ್ಡ ಮಾತಲ್ಲ. "ಹಸಿವಾಗಿದೆ ಅಮ್ಮ, ಊಟ ಹಾಕು," ಅಂದಿದ್ದಳು. ಅಷ್ಟೇ. ಅಷ್ಟು ಹೇಳಲು ನನಗೆ ಏನು ಧಾಡಿ ಬಂದಿತ್ತು?