ಪೊಟರೆಯೊಳಗಿನ ಮಂಗಟ್ಟೆ

ಗಬ್ಬೂರ ಬೈಪಾಸಿನಲ್ಲಿ ಚಹಾ ಕುಡಿಯಲೆಂದು ಕಾರವಾರಕ್ಕೆ ಹೊರಟ ಬಸ್ಸಿನಿಂದ ಇಳಿದೆ. ಪಕ್ಕದಲ್ಲೇ ಘಟ್ಟದ ಕಾಡಿನ ದಿಮ್ಮಿಗಳನ್ನು ಹೇರಿಕೊಂಡು ಬಂದ ಲಾರಿ ನಿಂತಿತ್ತು. ಒಂದು ದಿಮ್ಮಿಯ ಪೊಟರೆಗೆ ಮಣ್ಣು ಮೆತ್ತಿತ್ತು. ಅದರ ಸೀಳಿನಿಂದ ಹಳದಿ ಕೊಕ್ಕು ಚಾಚಿತ್ತು. ಮರಿ ಮಾಡಲು ಪೊಟರೆಯ ಬಾಯಿ ಮುಚ್ಚಿಕೊಂಡು, ಗಂಡು ಸೀಳಿನಿಂದ ಕೊಡುವ ಹಣ್ಣು ತಿನ್ನುತ್ತ ಒಳಗೆ ಕೂತ ಹೆಣ್ಣು ಮಂಗಟ್ಟೆ ಹಕ್ಕಿ ಅಲ್ಲೇ ಸತ್ತಿತ್ತು.

“ಕಡಿಯೂಮುಂದ ಇದನ್ನ ನೋಡಲಿಲ್ಲೇನ್ರಿ?” ಎಂದು ಚಾಲಕನನ್ನು ಕೇಳಿದೆ.

“ಕಡಿಯವ್ರು ನೋಡಿದ್ರು. ಕಾರವಾರ ರಸ್ತಾ ಅಗಲ ಮಾಡೋದೈತಿ, ಲಗೂ ಕಡೀರಿ ಅಂದ್ರು ಗುತ್ತಿಗೆದಾರ್ರು.”

“ಛಲೋ ಆತು ಬಿಡ್ರಿ, ಕಾರವಾರ ಲಗೂ ಮುಟ್ಟತೇವಿ,” ಎಂದರು ನನ್ನ ಜೊತೆ ಚಹಾಕ್ಕೆ ಇಳಿದಿದ್ದ ಸಹಪ್ರಯಾಣಿಕರೊಬ್ಬರು.

“ಲಗೂ ಮುಟ್ಟಿ ಏನ್ ಮಾಡವರ್ರಿ? ಹಕ್ಕಿ ಮನೀನ ಕಡದು ಹೊಂಟೇವಲ್ಲ,” ಎಂದೆ. ಅವರು ಬಸ್ಸು ಹತ್ತಿದರು.

ಚಾಲಕ ಹಗ್ಗ ಬಿಗಿಯುತ್ತ ಹೇಳಿದ: “ಗಂಡು ಹಕ್ಕಿ ಬಾಯಾಗ ಹಣ್ಣ ಹಿಡ್ಕೊಂಡು ಬಂದಿತ್ರಿ. ಮರ ಬಿದ್ದಮ್ಯಾಲೂ ಹಣ್ಣ ಬಿಡಲಿಲ್ಲ.”