ಚಪಾತಿ ಹಿಟ್ಟಿಗೆ ಸಿಕ್ಕ ಮೀನು

ರೂಮ್‌ಮೇಟ್ ಕಲಸಿಟ್ಟು ಮರೆತಿದ್ದ ಚಪಾತಿ ಹಿಟ್ಟು ಇವತ್ತು ಹುಳಿ ನಾತ ಹೊಡೆಯುತ್ತಿತ್ತು. ಆ ವಾಸನೆಗೆ ನಾನು ಬೆಳೆದ ಮರ್ಸರ್ ಐಲ್ಯಾಂಡಿನ ಸರೋವರದ ದಂಡೆ ನೆನಪಾಯಿತು.

ನಾನಿನ್ನೂ ಚಿಕ್ಕವಳು, ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಕ್ಲಾಸಿನವರೆಲ್ಲ ಮೀನು ಹಿಡಿದಿದ್ದಾರೆಂದು ಹಟ ಮಾಡಿ ಪಪ್ಪನನ್ನು ಅಲ್ಲಿಗೆ ಎಳೆದೊಯ್ದಿದ್ದೆ. ಬಾಗಲಕೋಟೆಯ ಪಪ್ಪ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಹುಳು ಚುಚ್ಚಲು ಮನಸ್ಸು ಬಾರದೆ ಗಾಳದ ಕೊಕ್ಕೆಗೆ ಮನೆಯಿಂದ ತಂದ ಹಳಸಿದ ಚಪಾತಿ ಹಿಟ್ಟು ಮೆತ್ತಿದರು. "ಇದನ್ನ ಯಾವ ಮೀನೂ ಮೂಸೂದಿಲ್ಲ. ಸುಮ್ನ ಗಾಳಿ ತಗೊಂಡು ಹೋಗೂಣು," ಎಂದು ನಕ್ಕರು.

ಕ್ಯಾಟ್‌ಫಿಶ್‌ಗೆ ಹಿಟ್ಟೆಂದರೆ ಪ್ರಾಣ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮೇಲೆಳೆದಾಗ ಅದು ಕೊಕ್ಕೆಯನ್ನು ಗಂಟಲಿನಾಚೆ ನುಂಗಿಬಿಟ್ಟಿತ್ತು. ನಾವು ನಿಂತಿದ್ದ ದೋಣಿಕಟ್ಟೆಯ ಹಲಗೆಯ ಮೇಲೆ ಬಿದ್ದು ಬಾಯಿ ತೆರೆದು ಮುಚ್ಚುತ್ತಿತ್ತು. ವಿಮಾನದ ರೆಕ್ಕೆ ಡಿಸೈನ್ ಮಾಡುವ ಪಪ್ಪ ಎರಡು ಸಲ ಕೈ ಚಾಚಿ ಹಿಂದೆಗೆದುಕೊಂಡರು.

"ನೀನರ ಹಿಡಿ ಪುಟ್ಟಿ, ನನಗ ಮುಟ್ಟಾಕ ಆಗವಲ್ದು."

"ಐ ಕಾಂಟ್, ಪಪ್ಪಾ!"

ಕೊನೆಗೆ ಅವರು ದಾರವನ್ನು ಹಲ್ಲಿನಿಂದ ಕಡಿದು, ಚಪ್ಪಲಿಯ ತುದಿಯಿಂದ ಮೀನನ್ನು ನೀರಿಗೆ ನೂಕಿ, ಕಣ್ಣು ಮುಚ್ಚಿಕೊಂಡು ನಿಂತರು.

"ಹೋತೇನು?"

ಅದು ನಮ್ಮ ಕಾಲ ಕೆಳಗೇ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಯಾ, ಇಟ್ ಸ್ವಾಮ್ ಅವೇ," ಎಂದು ಅವರ ತೋಳು ಹಿಡಿದು ಕಾರಿನತ್ತ ತಿರುಗಿಸಿದೆ.

ಮುಂದೆ ದೊಡ್ಡವಳಾದ ಮೇಲೆ, ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದು ಇದೇ ಪಪ್ಪನ ಮುಖಕ್ಕೆ ಹೇಳಿದವಳು ನಾನು. ಆದರೆ ಮನೆಗೆ ಬಂದವರ ಮುಂದೆ ಅವರು ಈಗಲೂ, "ನಾನೂ ನಮ್ಮ ಪುಟ್ಟಿನೂ ಒಂದು ಜೀವ ಉಳಿಸೇವ್ರಿ," ಎಂದು ಶುರು ಮಾಡಿದರೆ, ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ.