ಹೆಸರಕಾಳಿಗೆ ವಿಭೂತಿ

ಮೊದಲೇ ಒಪ್ಪಕೊಂಡಬಿಡ್ತೀನಿ. ನನ್ನ ಕೈಗೆ ಸಿಕ್ಕ ಯಾವ ತಿನಿಸೂ ನಾಕ ತಾಸಿಗಿಂತ ಹೆಚ್ಚಿಗಿ ಬಾಳಿಲ್ಲ. ಒಂದೋ ತಿಂದಿರ್ತೀನಿ, ಇಲ್ಲಾ ಕೆಡಿಸಿರ್ತೀನಿ. ಮನ್ಯಾಗ ಹಾಲು ಒಡದ್ರ ಎಲ್ಲಾರೂ ಮೊದಲ ನನ್ನ ಮಾರಿ ನೋಡ್ತಾರ, ಆಮ್ಯಾಲ ಪಾತೇಲಿ ನೋಡ್ತಾರ. ಇಂಥಾ ನನಗ ದೇವರು ಎಂಥಾ ಆಯಿನ್ನ ಕೊಟ್ಟಾನಂದ್ರ, ಆಕಿ ಕೈಗೆ ಸಿಕ್ಕ ಬದನಿಕಾಯಿ ಸುದ್ದಾ ಮುಂದಿನ ವರ್ಷದ ತನಕ ಸಾಯಂಗಿಲ್ಲ.

ಆಯಿ ಅಂದ್ರ ನಮ್ಮಪ್ಪನ ಅವ್ವ. ಉದಗೀರದಾಗ ನಮ್ಮ ಮನಿ, ಊರ ಹೊರಗ ಒಂದ ಸಣ್ಣ ಹೊಲ. ಹೊಲದ ಕಾಳು, ಮಾಳಗಿ ಮ್ಯಾಲಿನ ಬಿಸಲು, ಎರಡೂ ಆಯಿ ತಾಬೇದಾಗ. ಚವಳಿಕಾಯಿ, ಬದನಿಕಾಯಿ ಭರಪೂರ ಬಂದಾಗ ಹೆಚ್ಚಿ ಒಣಗಿಸಿ ಗಂಟ ಕಟ್ಟಿ ಇಡ್ತಾಳ. ಒಣಗಿದ ಮ್ಯಾಲ ಅವನ್ನ ನೋಡಿದ್ರ ಹಳೇ ಚಪ್ಪಲಿ ಉಂಗುಟದಂಗ ಕಾಣ್ತಾವ. ಖರೆ ಬ್ಯಾಸಿಗ್ಯಾಗ ಅವನ್ನೇ ಶೇಂಗಾದ ಪುಡಿ ಹಾಕಿ ಕುದಿಸಿದಳಂದ್ರ, ಆ ಉಂಗುಟದ ಸಂಗಟ ನಾ ಎರಡ ರೊಟ್ಟಿ ಹೆಚ್ಚಿಗಿ ತಿಂತೀನಿ.

ಆಕಿ ಬಡದ ಖಡಕ ರೊಟ್ಟಿ ತಿಂಗಳಗಟ್ಟಲೆ ಹಪ್ಪಳದಂಗ ಕರುಂ ಅಂತಾವ. ಒಮ್ಮೆ ನಾ ಮದತ್ ಮಾಡ್ಲಾಕ ಹೋಗಿ, ರೊಟ್ಟಿ ಇನ್ನಾ ಬಿಸಿ ಇದ್ದಾಗೇ ಡಬ್ಬ್ಯಾಗ ತುಂಬಿ ಮುಚ್ಚಳ ಬಿಗದೆ. ಎಂಟ ದಿನಕ್ಕ ಎಲ್ಲಾ ರೊಟ್ಟಿಗೂ ಮೀಸಿ ಬಂದಿದ್ವು, ನನ್ನಕಿಂತ ದಟ್ಟಾಗಿ. ಇನ್ನೊಮ್ಮೆ ತೊಗರಿಬ್ಯಾಳಿಗೆ ಔಡಲೆಣ್ಣಿ ಸವರಿಡು, ಹುಳಾ ಹತ್ತಂಗಿಲ್ಲ ಅಂದಳು. ಔಡಲೆಣ್ಣಿ ಬಾಟ್ಲಿ ಸಿಗಲಿಲ್ಲಂತ ನಾ ತಲಿಗೆ ಹಚ್ಚೂ ಎಣ್ಣಿ ಸವರಿದೆ. ಹುಳಾ ಹತ್ತಲಿಲ್ಲ, ಅದು ಖರೆ. ಎರಡ ತಿಂಗಳ ನಮ್ಮ ಮನಿ ಸಾರಿಗೆ ಮಲ್ಲಿಗಿ ವಾಸನಿ ಇತ್ತು. ಊಟಕ್ಕ ಬಂದ ಪಾವಣ್ಯಾರು ಒಬ್ಬರು ಸಾರು ಬಿಟ್ಟು ನಮ್ಮವ್ವನ ತಲಿ ಕಡೆ ನೋಡಿದ್ರು.

ನಮ್ಮೂರ ಹಳೇ ಕೋಟೆ ನೋಡ್ಲಾಕ ಬಂದ ಮಂದಿ ಬುರುಜು ನೋಡ್ತಾರ, ತೋಪು ನೋಡ್ತಾರ. ನನ್ನ ವಿಚಾರಾನೇ ಬ್ಯಾರೆ. ಮುತ್ತಿಗಿ ಬಿದ್ದಾಗ ಒಳಗಿನ ಮಂದಿ ಏನ ತಿಂದ್ರು? ಕತ್ತಿ ಹಿಡದಾವರ ಸಲುವಾಗಿ ಪುಸ್ತಕದಾಗ ಪಾಠ ಅದಾವ. ಒಳಗಿನ ಜೋಳಕ್ಕ ನುಸಿ ಹತ್ತದಂಗ ಕಾಯ್ದ ಯಾವ ಆಯಿ ಸಲುವಾಗೂ ಒಂದ ಸಾಲಿಲ್ಲ. ನುಸಿ ಹತ್ತಿತ್ತಂದ್ರ ಎಂಟೇ ದಿನಕ್ಕ ರಾಜಾ ತಾನಾಗೇ ಬಾಗಲಾ ತಗದು, 'ಬರ್ರಿ, ಊಟಕ್ಕ ಏನ ತಂದೀರಿ' ಅಂತಿದ್ದ.

ಬೆನ್ನ ಹತ್ತಿ ಎರಡನೇ ವರ್ಷಾನೂ ದುಷ್ಕಾಳ ಬಿದ್ದಾಗ ನಮ್ಮ ಮನ್ಯಾಗೂ ಮುತ್ತಿಗಿ ಬಿದ್ದಂಗೇ ಆತು. ನಳ ಒಣಗಿ, ಟ್ಯಾಂಕರಿನ ಹಾದಿ ಕಾಯೂದಾತು. ಆಯಿ ಕೈಯಾಗ ಒಂದ ಕೊಡ ನೀರಿಗೆ ನಾಕ ಜನ್ಮ. ಅಕ್ಕಿ ತೊಳದ ನೀರು ಪಲ್ಯೆ ತೊಳೀತಿತ್ತು, ಅದೇ ನೀರು ಬಾಂಡೆ ತೊಳೀತಿತ್ತು, ಕಡೀಕ ಕರಿಬೇವಿನ ಬುಡ ಸೇರ್ತಿತ್ತು. ಇದರಾಗ ನನ್ನ ಜಳಕ ಎಲ್ಲಿ ಬರ್ತದ ಅಂತ ಕೇಳಿದೆ.

"ನಿನ್ನ ಪಾಳಿ ಕರಿಬೇವಿಂದು ಆದ ಮ್ಯಾಲ" ಅಂದಳು.

ಆ ವರ್ಷ ಹೊಲ ನಮಗ ಕೊಟ್ಟಿದ್ದು ಒಂದೇ ಗಡಿಗಿ ಹೆಸರಕಾಳು. ಆಯಿ ಅದಕ್ಕ ಯಾರನ್ನೂ ಕೈ ಹಚ್ಚಗೊಡಲಿಲ್ಲ.

"ಮಳಿ ಬಂದ್ರ ಬಿತ್ತೂದು, ಬರಲಿಲ್ಲಂದ್ರ ಸಾರು ಮಾಡಿ ಉಣ್ಣೂದು. ಎರಡಕ್ಕೂ ಕಾಳು ಜೀವಂತ ಇರಬೇಕು."

ಬ್ಯಾಸಿಗ್ಯಾಗ ಆಯಿ ಮಗಳ ಮನಿಗಂತ ವಲಾಂಡಿ ಅನ್ನೂ ಹಳ್ಳಿಗಿ ಹೊಂಟಳು. ಅಲ್ಲಿ ಮೊಮ್ಮಗಳ ಬಾಣಂತನ. ಹೋಗೂ ಮುಂದ ಗಡಿಗಿ ನನಗ ಒಪ್ಪಿಸಿದಳು. ಆಕಿ ಬಾಳೇದಾಗ ಮಾಡಿದ ಒಂದೇ ತಪ್ಪು ಇದು.

"ಬೂದಿ ಕಲಸಿದ ಕಾಳಿಗೆ ನುಸಿ ಹತ್ತಂಗಿಲ್ಲ, ಖರೆ ನಮ್ಮ ಗ್ಯಾಸಿನಾಗ ಬೂದಿ ಹುಟ್ಟಂಗಿಲ್ಲ. ಬಾಜೂ ಮನಿ ಚಾಚಿ ಕಡಿಂದ ಒಲಿ ಬೂದಿ ಇಸಗೊಂಡು ಬಾ. ಜರಡಿ ಹಿಡಿ, ಕಾಳಿಗೆ ಕಲಸು, ಬಿಸಲಿಗೆ ಹಾಕು, ಪೂರಾ ಆರಿದ ಮ್ಯಾಲ ಗಡಿಗಿ ಬಾಯಿ ಕಟ್ಟು. ರೊಟ್ಟಿಗೆ ಮಾಡಿದಂಗ ಮಾಡಬ್ಯಾಡ."

"ಆಯಿ, ನಾ ಸಾಯನ್ಸ್ ಓದೀನಿ."

"ಅದಕ್ಕೇ ಹೇಳ್ಲಾಕತ್ತೀನಿ."

ಚಾಚಿ ಮನಿಗೆ ಹೋದೆ. ನೀರಿಲ್ಲಂತ ಚಾಚಿ ಎಲ್ಲಾ ಬಾಂಡೆ ಬೂದಿಲೇ ತಿಕ್ಕಲಾಕತ್ತಿದ್ದಳು. "ಬೇಟಾ, ನನಗೇ ಸಾಲವಲ್ದು" ಅಂದಳು. ಇನ್ನೊಂದ ಓಣಿಗೆ ಹೋಗಬೇಕಂದ್ರ ತಲಿ ಮ್ಯಾಲ ಬಿಸಲು. ಮನಿಗೆ ಬಂದು ಹುಡುಕಿದೆ. ಆಯಿ ಟ್ರಂಕಿನಾಗ, ಹಳೇ ಧೋತರದ ಗಂಟಿನಾಗ, ಇಪ್ಪತ್ತೊಂದ ವಿಭೂತಿ ಗಟ್ಟಿ ಸಿಕ್ಕವು. ಬೂದಿ ಅಂದ್ರೇನು, ವಿಭೂತಿ ಅಂದ್ರೇನು, ಎರಡೂ ಸುಟ್ಟ ಮ್ಯಾಲ ಉಳದದ್ದು. ನನ್ನ ಸಾಯನ್ಸ್ ಇಷ್ಟು ಹೇಳಿತು. ಮುಂದಿಂದು ಏನೂ ಹೇಳಲಿಲ್ಲ. ಒಳ್ಳಿನಾಗ ಹಾಕಿ ಇಪ್ಪತ್ತೊಂದೂ ಕುಟ್ಟಿ ಪುಡಿ ಮಾಡಿ, ಕಾಳಿಗೆ ಕಲಸಿ, ಬಿಸಲಿಗೆ ಹರವಿದೆ. ಒಂದೊಂದ ಕಾಳೂ ಈಗಷ್ಟೇ ಪೂಜಾ ಮುಗಿಸಿ ಎದ್ದ ಸ್ವಾಮಿಗಳಂಗ ಕಾಣ್ತಿತ್ತು.

ಅವ್ವ ಮಾಳಗಿ ಮ್ಯಾಲ ಬಂದಳು. ಕಾಳು ನೋಡಿದಳು, ಖಾಲಿ ಧೋತರ ನೋಡಿದಳು, ಅಲ್ಲೇ ಕುಂತಳು.

"ಅವನ್ನ ಅತ್ತಿಯವರು ಯಾತಕ್ಕ ಇಟ್ಟಿದ್ರು ಗೊತ್ತದೇನು ನಿನಗ?"

"ಹಣಿಗೆ ಹಚ್ಚಗೊಳ್ಳಾಕ."

"ಅವರ ಮಣ್ಣಿಗೆ."

ನಮ್ಮ ಮಂದ್ಯಾಗ ಸತ್ತವರನ್ನ ಸುಡಂಗಿಲ್ಲ. ತಮ್ಮ ಹೊಲದಾಗೇ ಕುಂದರಿಸಿ ಮಣ್ಣ ಮಾಡ್ತಾರ, ಮೈ ಸುತ್ತ ವಿಭೂತಿ ಗಟ್ಟಿ ಇಡ್ತಾರ. ಅಜ್ಜ ಹೋದ ವರ್ಷದಿಂದ ಆಯಿ ಪ್ರತಿ ಶಿವರಾತ್ರಿಗೆ ಒಂದೊಂದು ಗಟ್ಟಿ ಕೂಡಿಸಿಟ್ಟಿದ್ದಳಂತ. ತಾ ಹೋದ ದಿನ ಮಕ್ಕಳು ಅಳೂದು ಬಿಟ್ಟು ಪ್ಯಾಟಿಗೆ ಓಡಬಾರದು, ಅದಕ್ಕ. ಒಣಗಿಸಿದ್ದು ನಮಗ, ಬಡದಿದ್ದು ನಮಗ, ಎಣ್ಣಿ ಸವರಿದ್ದು ನಮಗ. ಇಡೀ ಮನ್ಯಾಗ ಆಕಿ ತನಗಂತ ಇಟ್ಟಕೊಂಡಿದ್ದು ಅದೊಂದೇ ಗಂಟು. ಇಪ್ಪತ್ತೊಂದ ವರ್ಷದ್ದನ್ನ ನಾ ಅರ್ಧಾ ತಾಸಿನಾಗ ಮುಗಿಸಿದ್ದೆ.

ಹೊಸಾವು ತಂದು ಇಡ್ತೀನಿ ಅಂದೆ. "ತಾ. ಇಪ್ಪತ್ತೊಂದ ಶಿವರಾತ್ರೀನೂ ಅದೇ ಅಂಗಡ್ಯಾಗ ಸಿಗ್ತಾವೇನು ಕೇಳಕೊಂಡು ಬಾ" ಅಂದಳು ಅವ್ವ. ನಾ ಹೋಗಲಿಲ್ಲ.

ಮಿರಗದ ಮಳಿ ಮೋಡ ಕಟ್ಟಿದಾಗ ಆಯಿ ವಲಾಂಡಿಂದ ಬಂದಳು. ಬಂದಾಕಿ ನೀರು ಸುದ್ದಾ ಕುಡೀದೆ ಗಡಿಗಿ ಬಾಯಿ ಬಿಚ್ಚಿದಳು. ಒಳಗ ಕೈ ಹಾಕಿದಳು, ಬೆರಳು ಮೂಸಿ ನೋಡಿದಳು.

"ಚಾಚಿ ಒಲಿಯಾಗ ಯಾವಾಗಿಂದ ವಿಭೂತಿ ಆಗ್ಲಾಕತ್ಯಾದ?"

ಎಲ್ಲಾ ಹೇಳಿಬಿಟ್ಟೆ. ಬೈತಾಳಂತ ಕಾಯ್ದೆ. ಬೈಲಿಲ್ಲ. ಟ್ರಂಕ್ ತಗದು ಆ ಖಾಲಿ ಧೋತರ ಝಾಡಿಸಿ, ಘಡಿ ಮಾಡಿ, ಮತ್ತ ಒಳಗಿಟ್ಟಳು. ನನಗ ಬೈದಿದ್ರೇ ಚಲೋ ಇತ್ತು. ಆಮ್ಯಾಲ ಹತ್ತ ಕಾಳು ಎಣಿಸಿ ಹಸೀ ಅರಿವ್ಯಾಗ ಕಟ್ಟಿ ನನ್ನ ಕೈಗೆ ಕೊಟ್ಟಳು. "ಜೀವ ಅದಾವಿಲ್ಲೋ ನೋಡೂಣು. ಆರಗೊಡಬ್ಯಾಡ."

ಎರಡ ದಿನ ಆ ಗಂಟಿನ ಮುಂದ ನಾ ಕುಂತಂಗ ಪರೀಕ್ಷಾದ ಪುಸ್ತಕದ ಮುಂದ ಕುಂತಿದ್ರ ಇಷ್ಟೊತ್ತಿಗೆ ಪ್ರೊಫೆಸರ್ ಆಗಿರ್ತಿದ್ದೆ. ನಾ ಕುಡಿಯೂ ನೀರನ್ನೇ ಅದಕ್ಕ ಚಿಮಕಿಸಿದೆ. ಮೂರನೇ ದಿನ ಮುಂಜಾನಿ ಆಯಿ ಬಿಚ್ಚಿದಳು. ಹತ್ತರಾಗ ಒಂಬತ್ತು ಮೊಳಕಿ ಒಡದಿದ್ವು. ಉಳದ ಒಂದನ್ನ ಬಾಯಾಗ ಹಾಕೊಂಡು ಕಡದು, "ಇದು ನಿನ್ನಂಗ, ತಿನ್ನಾಕಷ್ಟೇ ಬರ್ತದ" ಅಂದಳು.

ಮಳಿ ಬಂತು. ಹೊಲದಾಗ ಗಡಿಗಿ ಇಳಿಸಿ ಕೇಳಿದೆ, "ಆಯಿ, ವಿಭೂತಿ ತೊಳದು ಬಿತ್ತೂದೇನು?"

"ಯಾಕ, ನೀರು ಹೆಚ್ಚಾಗ್ಯಾವೇನು? ಹಂಗೇ ಬಿತ್ತು. ನನ್ನ ಸಂಗಟ ಇದೇ ಹೊಲದಾಗ ಹೋಗೂದಿತ್ತು, ನನ್ನಕಿಂತ ಮೊದಲ ಹೊಂಟದ."

ಮುಂದಿನ ಶಿವರಾತ್ರಿಗೆ ನಾ ನಾಚಗೊಂತ ಎರಡ ಗಟ್ಟಿ ತಂದ ಕೊಟ್ಟೆ. ಆಯಿ ಒಂದ ಇಟ್ಟಕೊಂಡು ಒಂದ ತಿರುಗಿ ಕೊಟ್ಟಳು.

"ವರ್ಷಕ್ಕ ಒಂದೇ. ಇಪ್ಪತ್ತೊಂದ ಆಗೂ ತನಕ ನನಗೀಗ ಹೋಗ್ಲಾಕ ಬರಂಗಿಲ್ಲ. ಎಂಥಾ ಕೆಲಸಾ ಹಚ್ಚಿದಿ ನೋಡು ನನಗ."

ಅಂದಾಕಿ ಆ ಒಂದನ್ನ ಧೋತರದಾಗ ಸುತ್ತಿ ಟ್ರಂಕಿನಾಗಿಟ್ಟು ಕೀಲಿ ಹಾಕಿದಳು. ಕೀಲಿಕೈ ಈಗ ಆಕಿ ಸೊಂಟದಾಗೇ ಇರ್ತದ. ಖರೆ ನಾನೂ ಸುಮ್ಮ ಕುಂತಿಲ್ಲ. ಇಪ್ಪತ್ತನೇ ಗಟ್ಟಿ ಬಂದ ವರ್ಷ ಕೀಲಿಕೈ ಹ್ಯಾಂಗ ಕದೀಬೇಕು, ಒಳ್ಳು ಯಾವಾಗ ತಗೀಬೇಕು, ಎಲ್ಲಾ ಈಗೇ ಗೊತ್ತ ಮಾಡಿಟ್ಟೀನಿ.